ಟಕ್ಸ್ ಹಾಕುವ ಮುಂಚೆ

ನಮಸ್ಕಾರ. ನಾನು ತುಮಕೂರಿನಲ್ಲಿ 20 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಇವತ್ತು ಮಾತ್ರ ಬಟ್ಟೆ ವಿಷಯ ಅಲ್ಲ, ಚರ್ಮದ ವಿಷಯ.

ಎರಡೂವರೆ ವರ್ಷದ ಹಿಂದೆ ನನ್ನ ತೂಕ 112 ಕೆಜಿ ಇತ್ತು. ಈಗ 68. ಬೆಳಗ್ಗೆ ಅಮಾನಿಕೆರೆ ಹತ್ತಿರ ನಡೆದದ್ದು, ಎರಡು ಮುದ್ದೆ ಒಂದಕ್ಕೆ ಇಳಿದದ್ದು, ಬೇಕರಿ ಕಡೆ ತಲೆ ಹಾಕದೇ ಇದ್ದದ್ದು, ಎಲ್ಲ ಸೇರಿ ಆದದ್ದು. ಮದುವೆ ಮನೆಗೆ ಹೋದರೆ "ಅಯ್ಯೋ, ಇಷ್ಟು ಇಳಿದುಬಿಟ್ಟಿದ್ದೀಯಲ್ಲ, ಷುಗರ್ ಬಂತಾ?" ಅಂತಾರೆ. ಅದನ್ನ ತಡೆದುಕೊಳ್ಳಬಹುದು ಬಿಡಿ.

ತಡೆಯೋಕಾಗದ್ದು ಹೊಟ್ಟೆ ಚರ್ಮ. ಕೊಬ್ಬು ಹೋಯಿತು, ಚೀಲ ಉಳಿಯಿತು. ಎಲಾಸ್ಟಿಕ್ ಸತ್ತ ಲಂಗ ನೋಡಿದ್ದೀರಲ್ಲ, ಹಾಗೇ ಜೋತು ಬಿದ್ದಿದೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಹಿಡಿದಿಡೋ ನಾರು ಹಾಳಾಗಿರುತ್ತದಂತೆ, ಎಷ್ಟು ನಡೆದರೂ ಯಾವ ಕ್ರೀಮ್ ಹಚ್ಚಿದರೂ ಅಷ್ಟು ಚರ್ಮ ಒಳಗೆ ಹೋಗಲ್ಲ. ಬೇಸಿಗೆಯಲ್ಲಿ ಮಡಿಕೆ ಒಳಗೆ ಬೆವರು ನಿಂತು ಫಂಗಸ್, ಉರಿ, ವಾಸನೆ. ಉಳಿದ ಲೈನಿಂಗ್ ಬಟ್ಟೆಯನ್ನ ಉದ್ದಕ್ಕೆ ಕತ್ತರಿಸಿ, ಒಗೆದು, ಮಡಿಕೆ ಒಳಗೆ ಇಟ್ಟುಕೊಂಡು ಮಿಷನ್ ತುಳಿಯುತ್ತೇನೆ. ಮಧ್ಯಾಹ್ನಕ್ಕೆ ಒಂದು ಸಲ ಬದಲಾಯಿಸಬೇಕು. ಇದನ್ನ ಯಾರ ಹತ್ತಿರ ಹೇಳೋದು?

ಅತ್ತೆಗೆ ಹೇಳಿದೆ. "ಈ ವಯಸ್ಸಲ್ಲಿ ಯಾರಿಗೆ ತೋರಿಸಬೇಕು ತಾಯಿ?" ಅಂದರು. ಯಾರಿಗೂ ತೋರಿಸೋಕಲ್ಲ ಅತ್ತೆ, ಉರಿಯುತ್ತೆ.

ಕೊನೆಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಪ್ಲಾಸ್ಟಿಕ್ ಸರ್ಜನ್ನರನ್ನ ನೋಡಿದೆ. "ಟಮ್ಮಿ ಟಕ್" ಅಂದರು. ನನಗೆ ನಗು ಬಂತು, ದಿನಾ ನಾನು ಬಟ್ಟೆ ಮಡಿಚಿ ಬ್ಲೌಸಿಗೆ ಹಾಕೋ ಹೊಲಿಗೆನೂ ಟಕ್ಸೇ ಅಲ್ವಾ! ಆದರೆ ಕೆಲಸ ಸಣ್ಣದಲ್ಲ. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಒಳಗಿನ ಸಡಿಲ ಸ್ನಾಯು ಬಿಗಿದು, ಹೆಚ್ಚಿನ ಚರ್ಮ ತೆಗೆದು, ಹೊಕ್ಕುಳಿಗೆ ಹೊಸ ತೂತು ಮಾಡಿ ಹೊಲಿಯುತ್ತಾರೆ. ಬರೀ ಜೋತ ಚರ್ಮ ತೆಗೆಯೋ ಆಪರೇಷನ್ನೂ ಬೇರೆ ಇದೆ, ಅದರಲ್ಲಿ ಸ್ನಾಯು ಬಿಗಿಯಲ್ಲ. ಗಾಯದ ಗೆರೆ ಮಾಸಬಹುದು, ಅಳಿಸಲ್ಲ. ಒಳಗೆ ನೀರು ತುಂಬದಿರಲಿ ಅಂತ ಕೆಲವು ದಿನ ಟ್ಯೂಬ್, ಆಮೇಲೆ ವಾರಗಟ್ಟಲೆ ಬಿಗಿ ಬೆಲ್ಟ್. ಭಾರ ಎತ್ತೋ ಹಾಗಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗೋ ಅಪಾಯವನ್ನೂ ಅವರು ಮುಚ್ಚಿಡಲಿಲ್ಲ. ಲೈಪೋಸಕ್ಷನ್ ಸಾಕಾ ಅಂತ ಕೇಳಿದೆ. ಅದು ಕೊಬ್ಬು ಎಳೆಯುತ್ತೆ, ಜೋತ ಚರ್ಮಕ್ಕೆ ಏನೂ ಮಾಡಲ್ಲ ಅಂದರು.

ಆಮೇಲೆ ತೂಕ ಎಷ್ಟು ತಿಂಗಳಿಂದ ನಿಂತಿದೆ ಅಂತ ಕೇಳಿದರು. ಕನಿಷ್ಠ ಆರು ತಿಂಗಳು ಒಂದೇ ಕಡೆ ನಿಲ್ಲಬೇಕಂತೆ. ಇದು ನನಗೆ ಥಟ್ಟನೆ ಅರ್ಥವಾಯಿತು. ಇಳಿಯುತ್ತಿರೋ ಹೆಂಗಸಿಗೆ ಬ್ಲೌಸ್ ಒಳಗೆ ಹಿಡಿದುಕೊಟ್ಟರೆ ಮುಂದಿನ ಹಬ್ಬಕ್ಕೆ ಮತ್ತೆ ಬಿಚ್ಚಿ ಹಿಡಿಸೋಕೆ ಬರ್ತಾಳೆ. ಬ್ಲೌಸ್ ಬಿಚ್ಚಬಹುದು, ಹೊಟ್ಟೆ? ತೂಕ ಇಳಿಸೋಕೆ ಅಂತ ಜಠರ ಕಿರಿದು ಮಾಡೋ ಬೇರೆ ಆಪರೇಷನ್ (ಬ್ಯಾರಿಯಾಟ್ರಿಕ್) ಆದವರಿಗೆ ಸಾಮಾನ್ಯವಾಗಿ ವರ್ಷ, ಒಂದೂವರೆ ವರ್ಷ ಕಾಯಿಸುತ್ತಾರೆ. ಮುಂದೆ ಮಗು ಬೇಕು ಅನ್ನೋರಿಗೆ ಹೆರಿಗೆ ಆದಮೇಲೆ ಬನ್ನಿ ಅಂತಾರೆ. ಬೀಡಿ, ಸಿಗರೇಟು, ಹೊಗೆಸೊಪ್ಪು ವಾರಗಳ ಮುಂಚೆಯೇ ಬಿಡಬೇಕು, ಇಲ್ಲದಿದ್ದರೆ ಗಾಯ ಸರಿಯಾಗಿ ಕೂಡಲ್ಲ.

ದುಡ್ಡಿನ ವಿಷಯ. ಅಂದಕ್ಕೆ ಮಾಡಿಸೋ ಆಪರೇಷನ್ನಿಗೆ ಆರೋಗ್ಯ ವಿಮೆ ಕೊಡಲ್ಲ. ಚರ್ಮದ ಡಾಕ್ಟರ ಚೀಟಿ, ಫೋಟೋ ಇಟ್ಟುಕೊಂಡು ಇದು ಕಾಯಿಲೆಗೆ ಅಂತ ಕೇಳಿ ನೋಡಬಹುದು, ಸಿಕ್ಕೇ ಸಿಗುತ್ತೆ ಅಂತ ನಂಬಿ ಕೂರಬೇಡಿ.

ತೋಳಿನ ಜೋತ ಚರ್ಮ ತೆಗೆಸೋದು ನಾನು ಬೇಡ ಅಂದೆ. ಒಳತೋಳಿನ ಉದ್ದಕ್ಕೂ ಗೆರೆ ಬರುತ್ತೆ, ಅದಕ್ಕಿಂತ ಮುಕ್ಕಾಲು ತೋಳಿನ ಬ್ಲೌಸ್ ನಾನೇ ಹೊಲಿದುಕೊಳ್ಳುತ್ತೇನೆ. ಹೊಟ್ಟೆಗೆ ಹೂಂ ಅಂದಿದ್ದೇನೆ. ಆದರೆ ಹಿಮೋಗ್ಲೋಬಿನ್ 9 ಬಂದು, ಡಾಕ್ಟರು ಕಬ್ಬಿಣದ ಮಾತ್ರೆ ಬರೆದು, ಪ್ರೋಟೀನ್ ಜಾಸ್ತಿ ತಿನ್ನಿ ಅಂತ ವಾಪಸ್ ಕಳಿಸಿದರು. ಹುರುಳಿಕಾಳು, ಮೊಟ್ಟೆ, ನುಗ್ಗೆಸೊಪ್ಪು ದಿನಾ ನಡೆಯುತ್ತಿದೆ. ಗಿರಾಕಿಗಳ ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ನನ್ನದೂ ಬರೆದಿಡುತ್ತೇನೆ, ನಾಲ್ಕು ತಿಂಗಳಿಂದ 68 ಅಂತಲೇ ಇದೆ. ಇನ್ನೆರಡು ಸಾಲು ಬಾಕಿ. ನಮಸ್ಕಾರ.