ಹಿಮದ ಮೇಲೆ ಬೀಳುವ ಮಳೆ

ಕೇಳುಗರಿಗೆ ನಮಸ್ಕಾರ.

ಭೂಮಿಯ ಸಿಹಿನೀರಿನ ಬಹುಪಾಲು ಅಂಟಾರ್ಕ್ಟಿಕಾದಲ್ಲಿ ಗಟ್ಟಿಯಾಗಿ ಕೂತಿದೆ. ಆದರೂ ಅದು ಮರುಭೂಮಿಯೇ. ಖಂಡದ ಒಳಭಾಗದಲ್ಲಿ ವರ್ಷವಿಡೀ ಬೀಳುವ ಹಿಮವನ್ನು ಕರಗಿಸಿ ಅಳೆದರೆ ಬಹುಕಡೆ 50 ಮಿಲಿಮೀಟರ್ ಕೂಡ ಆಗುವುದಿಲ್ಲ. ಅಷ್ಟು ತಣ್ಣನೆಯ ಗಾಳಿಗೆ ನೀರಾವಿ ಹೊರುವ ಶಕ್ತಿ ತೀರಾ ಕಡಿಮೆ.

ಇದನ್ನು ಅಳೆಯುವುದೂ ಸುಲಭವಲ್ಲ. ಮಳೆಮಾಪಕ ಇಟ್ಟರೆ, ಬಿರುಗಾಳಿಗೆ ಅರ್ಧಕ್ಕಿಂತ ಹೆಚ್ಚು ಹಿಮ ಅದರ ಬಾಯಿ ತಪ್ಪಿಸಿ ಹಾರಿಹೋಗಬಹುದು. ಹಾಗಾಗಿ ಕೋಲು ನೆಟ್ಟು ಹಿಮದ ಮಟ್ಟ ಎಷ್ಟು ಏರಿತೆಂದು ನೋಡುತ್ತಾರೆ. 30 ಸೆಂಟಿಮೀಟರ್ ಏರಿದ್ದು, ಆ ಹಿಮ ಘನಮೀಟರಿಗೆ 350 ಕಿಲೋ ತೂಗಿದರೆ, ಅದು 105 ಮಿಲಿಮೀಟರ್ ನೀರಿಗೆ ಸಮ. ತೂಕ ನೋಡದೆ ಬರೀ ಎತ್ತರ ಬರೆದುಕೊಂಡರೆ ಲೆಕ್ಕ ಕೆಟ್ಟಂತೆ.

ಬಿದ್ದ ಹಿಮದಲ್ಲಿ ಸ್ವಲ್ಪ ಭಾಗ ಕರಗದೆ ನೇರವಾಗಿ ಆವಿಯಾಗುತ್ತದೆ. ಉಳಿದದ್ದು ಮೇಲಿನ ಪದರಗಳ ಭಾರಕ್ಕೆ ಅದುಮಿ, ಸಾಮಾನ್ಯವಾಗಿ 60ರಿಂದ 100 ಮೀಟರ್ ಆಳದಲ್ಲಿ ಮಂಜುಗಡ್ಡೆಯಾಗುತ್ತದೆ. ಅಲ್ಲಿಯವರೆಗಿನ ಪದರಕ್ಕೆ ಫರ್ನ್ ಎನ್ನುತ್ತಾರೆ. ಅದರ ತುಂಬ ಗಾಳಿಯ ಸಂದುಗಳು.

ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಅಂದರೆ ತಾಪ ಏರಿದಂತೆ ಧ್ರುವಗಳಲ್ಲಿ ಹಿಮ ಹೆಚ್ಚು ಬೀಳಬಹುದು. ಇದನ್ನೇ ಹಿಡಿದು, ಕರಗಿದ್ದನ್ನು ಹೊಸ ಹಿಮ ತುಂಬಿಕೊಡುತ್ತದೆಂದು ಸಮಾಧಾನಪಡುವವರಿದ್ದಾರೆ. ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬಿದ್ದರೆ ಏನಾಗುತ್ತದೆಂಬುದು ಅವರ ಲೆಕ್ಕದಲ್ಲಿಲ್ಲ.

2021ರ ಆಗಸ್ಟ್ 14ರಂದು ಉತ್ತರ ಧ್ರುವದ ಕಡೆಯ ಗ್ರೀನ್‌ಲ್ಯಾಂಡಿನ ನೆತ್ತಿಯಲ್ಲಿ, 3,200 ಮೀಟರಿಗೂ ಎತ್ತರದ ಸಮ್ಮಿಟ್ ಸಂಶೋಧನಾ ಕೇಂದ್ರದಲ್ಲಿ ಮಳೆಯಾಯಿತು. ಅಲ್ಲಿ ಮಳೆ ದಾಖಲಾದದ್ದು ಅದೇ ಮೊದಲು.

ಮಳೆನೀರು ಫರ್ನ್ ಸಂದುಗಳಲ್ಲಿ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಒಂದು ಗ್ರಾಂ ನೀರು 334 ಜೂಲ್ ಶಾಖ ಬಿಡುತ್ತದೆ. ಸುಮಾರು 160 ಗ್ರಾಂ ಹಿಮವನ್ನು ಒಂದು ಡಿಗ್ರಿ ಬಿಸಿಮಾಡಲು ಅಷ್ಟು ಸಾಕು. ಹೀಗೆ ಮಳೆ ನಿಂತ ಮೇಲೂ ಒಳಗೆ ಬಿಸಿ ಏರುತ್ತಿರುತ್ತದೆ. ಮೇಲ್ಮೈಯಲ್ಲಿ ಇನ್ನೊಂದು ಹಾನಿ: ಹೊಸ ಹಿಮ ಬಿಸಿಲಿನ ಶೇಕಡ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಒದ್ದೆಯಾಗಿ ಹರಳು ದಪ್ಪವಾದ ಹಿಮ ಅಷ್ಟು ಚಿಮ್ಮಿಸಲಾರದು.

ನೀರು ಒಳಗೇ ಹೆಪ್ಪುಗಟ್ಟಿದರೆ ಸಮುದ್ರಕ್ಕೆ ಹೋಗಲಿಲ್ಲವಲ್ಲ ಎನ್ನಬಹುದು. ಮೊದಮೊದಲು ಅದು ನಿಜ. ಆದರೆ ಕರಗುವುದು, ಹೆಪ್ಪುಗಟ್ಟುವುದು ವರ್ಷವರ್ಷವೂ ನಡೆದರೆ ಸಂದುಗಳು ಮುಚ್ಚಿ, ನೀರು ದಾಟದ ಗಟ್ಟಿ ಹಾಸು ಕೂರುತ್ತದೆ. ಪಶ್ಚಿಮ ಗ್ರೀನ್‌ಲ್ಯಾಂಡಿನಲ್ಲಿ ಇಂಥ ಹಾಸುಗಳು ಹಲವು ಮೀಟರ್ ದಪ್ಪ ಬೆಳೆದಿವೆ. ಅವುಗಳ ಕೆಳಗೆ ಸಂದು ಇನ್ನೂ ಖಾಲಿ ಇದ್ದರೂ ನೀರಿಗೆ ದಾರಿಯಿಲ್ಲ. ಅದು ಮೇಲಿಂದಲೇ ಹರಿದು ಕಡಲು ಸೇರುತ್ತದೆ.