ಸಂಬಳದ ಪಟ್ಟಿ ತೆರೆದು ನೋಡಿದವರು

ಕೇಳುಗರೇ, ನಮಸ್ಕಾರ.

ನಾನು 22 ವರ್ಷ ಅಕೌಂಟ್ಸ್‌ನಲ್ಲಿ ಕೆಲಸ ಮಾಡಿದವಳು. ಬೆಂಗಳೂರಿನ ಪೀಣ್ಯದಲ್ಲಿ ಮೋಟಾರಿನ ಕಾಯಿಲ್ ಸುತ್ತುವ ಒಂದು ಕಾರ್ಖಾನೆ ನಮ್ಮದು. ತಿಂಗಳ 26ನೇ ತಾರೀಖು ಬಂತೆಂದರೆ ಸಂಬಳದ ಪಟ್ಟಿ ತಯಾರು ಮಾಡುವುದು ನನ್ನ ಕೆಲಸ. ಬೇಸಿಕ್ ಅನ್ನುವ ಮೂಲ ಸಂಬಳ, ಡಿಎ, ಓಟಿ, ಪಿಎಫ್, ಇಎಸ್‌ಐ ಅಂತ ಒಂದೊಂದೇ ಕಾಲಂ ತುಂಬುತ್ತಾ ಹೋಗುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಮೆಷಿನ್ ಒಂದೇ, ಶಿಫ್ಟ್ ಒಂದೇ, ಕೆಲಸಕ್ಕೆ ಸೇರಿದ್ದೂ ಹೆಚ್ಚುಕಡಿಮೆ ಒಂದೇ ವರ್ಷ. ಆದರೂ ಹೆಣ್ಣುಮಕ್ಕಳ ಹೆಸರಿನ ಮುಂದೆ ಬೇಸಿಕ್ ಕಡಿಮೆ. ನಾನು ನೋಡುತ್ತಿದ್ದೆ, ಟೈಪ್ ಮಾಡುತ್ತಿದ್ದೆ, ಸಹಿಗೆ ಕಳಿಸುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು.

ತಮ್ಮ ಕೈಕೆಳಗೆ ಕೆಲಸ ಮಾಡುವ ಹೆಂಗಸರಿಂದ ಒಳ್ಳೆಯ ಅಂಕ ಪಡೆದ ಕಂಪನಿ ಮುಖ್ಯಸ್ಥರ ಬಗ್ಗೆ ಇವತ್ತು ಮಾತಾಡೋಣ ಅಂತ ಬಂದಿದ್ದೇನೆ. ಆ ವಿಷಯ ತೆಗೆದರೆ ಮೊದಲು ನನಗೆ ನೆನಪಾಗುವುದು ಆ ಪಟ್ಟಿಯೇ.

ನೌಕರರೇ ತಮ್ಮ ಮುಖ್ಯಸ್ಥರಿಗೆ ಅಂಕ ಕೊಡುವ ಏರ್ಪಾಡು ಈಗ ಜಗತ್ತಿನಲ್ಲೆಲ್ಲ ಇದೆ. ಅಮೆರಿಕದ ಗ್ಲಾಸ್‌ಡೋರ್ ಅನ್ನುವ ಸಂಸ್ಥೆ 2008ರಲ್ಲಿ ತನ್ನ ವೆಬ್‌ಸೈಟಿನಲ್ಲಿ ಇದನ್ನು ಶುರು ಮಾಡಿತು. ಆಮೇಲೆ ಕಂಪೇರಬ್ಲಿ ಅಂತ ಇನ್ನೊಂದು ಬಂತು. ಅಂಕ ಕೊಡುವವರ ಹೆಸರು ಹೊರಗೆ ಬರುವುದಿಲ್ಲ. ಕಂಪೇರಬ್ಲಿಯವರು ಹೆಂಗಸರು ಕೊಟ್ಟ ಅಂಕಗಳನ್ನು ಬೇರೆಯಾಗಿ ಲೆಕ್ಕ ಹಾಕಿ, ಹೆಂಗಸರ ಮೆಚ್ಚುಗೆ ಪಡೆದ ಮುಖ್ಯಸ್ಥರ ಪಟ್ಟಿಯನ್ನೂ ಹೊರಡಿಸುತ್ತಾರೆ.

ಹೆಸರು ಯಾಕೆ ಮುಚ್ಚಿಡಬೇಕು ಅಂತ ಕೆಲವರು ಕೇಳುತ್ತಾರೆ. ನಮ್ಮ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಡಬ್ಬಿ ತೊಳೆಯುವ ನಲ್ಲಿ ಹತ್ತಿರ ನಿಂತರೆ ಸಾಕಿತ್ತು, ಆಗ ಗೊತ್ತಾಗುತ್ತಿತ್ತು. ಅಲ್ಲಿ ಎಲ್ಲವೂ ಬಾಯಿಬಿಟ್ಟು ಬರುತ್ತಿತ್ತು. ಯಾರಿಗೆ ರಜೆ ಕೊಡಲಿಲ್ಲ, ಯಾರು ಹೇಗೆ ಮಾತಾಡಿದರು, ಯಾರಿಗೆ ಎಷ್ಟು ಇನ್‌ಕ್ರಿಮೆಂಟ್, ಎಲ್ಲ. ಮ್ಯಾನೇಜರ್ ರೂಮಿಗೆ ಕರೆದು ಕೇಳಿದರೆ "ಏನೂ ತೊಂದರೆ ಇಲ್ಲ ಸಾರ್" ಅಷ್ಟೇ. ಮನೆ ಬಾಡಿಗೆ, ಮಕ್ಕಳ ಫೀಸು ತಲೆಯ ಮೇಲಿರುವಾಗ ಯಾರು ಬಾಯಿಬಿಡುತ್ತಾರೆ ಹೇಳಿ? ಹಾಗಾಗಿ ಹೆಸರಿಲ್ಲದೆ ಕೊಟ್ಟ ಅಂಕಕ್ಕೆ ನಾನು ಬೆಲೆ ಕೊಡುತ್ತೇನೆ. ಹಾಗಂತ ಆ ಪಟ್ಟಿಗಳೇ ಕೊನೆಯ ಮಾತು ಅಂತ ಹೇಳಲಾರೆ. ಎಲ್ಲರೂ ಅಂಕ ಕೊಡಲು ಹೋಗುವುದಿಲ್ಲ, ಅಲ್ವಾ.

ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ಅವರ ಹೆಸರು ಕೇಳಿದ್ದೀರಿ. ಹುಟ್ಟಿದ್ದು ಹೈದರಾಬಾದಿನಲ್ಲಿ, ಇಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. 2014ರ ಫೆಬ್ರವರಿಯಲ್ಲಿ ಕಂಪನಿಯ ಮುಖ್ಯಸ್ಥರಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಒಂದು ದೊಡ್ಡ ಸಮಾವೇಶ. ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿಯುವ ಹೆಂಗಸರದ್ದು. ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರ ಹೆಸರಿನಲ್ಲಿ ನಡೆಯುವಂಥದ್ದು. ವೇದಿಕೆಯ ಮೇಲೆ ನಾದೆಲ್ಲ ಅವರನ್ನು ಪ್ರಶ್ನೆ ಕೇಳುತ್ತಿದ್ದವರು ಮರಿಯಾ ಕ್ಲಾವೆ. ಆಗ ಅಮೆರಿಕದ ಹಾರ್ವಿ ಮಡ್ ಕಾಲೇಜಿನ ಅಧ್ಯಕ್ಷೆ, ಮೈಕ್ರೋಸಾಫ್ಟ್‌ನ ನಿರ್ದೇಶಕ ಮಂಡಳಿಯಲ್ಲೂ ಇದ್ದವರು. ಸಂಬಳ ಜಾಸ್ತಿ ಕೇಳೋಕೆ ಹಿಂಜರಿಯುವ ಹೆಂಗಸರಿಗೆ ಏನು ಹೇಳುತ್ತೀರಿ ಅಂತ ಕೇಳಿದರು.

ಕೇಳುವುದು ಮುಖ್ಯ ಅಲ್ಲ, ವ್ಯವಸ್ಥೆ ತಾನಾಗಿಯೇ ಸರಿಯಾದ ಸಂಬಳ ಕೊಡುತ್ತದೆ ಅಂತ ನಂಬಿಕೆ ಇಡಬೇಕು, ಕೇಳದೆ ಇರುವುದು ಒಳ್ಳೆಯ ಕರ್ಮ ಅನ್ನುವ ಅರ್ಥದ ಮಾತು ನಾದೆಲ್ಲ ಅವರ ಬಾಯಿಂದ ಬಂತು.

ಕರ್ಮ! ಆ ಪದ ನಮಗೆ ಹೊಸದಲ್ಲ. ಎಷ್ಟು ಹೆಣ್ಣುಮಕ್ಕಳನ್ನು ಆ ಒಂದು ಪದದಿಂದ ಸುಮ್ಮನೆ ಕೂರಿಸಿಲ್ಲ? ಅಳದ ಮಗುವಿಗೆ ತಾಯಿಯೂ ಹಾಲು ಕೊಡಲ್ಲ ಅಂತ ಇದೇ ನಾಡಿನಲ್ಲೇ ಹೇಳುತ್ತಾರೆ. ಆದರೆ ಹೆಣ್ಣುಮಗಳು ಬಾಯಿಬಿಟ್ಟು ಕೇಳಿದರೆ "ಆಸೆಬುರುಕಿ" ಅನ್ನುತ್ತಾರೆ.

ಮರಿಯಾ ಕ್ಲಾವೆ ಅವರು ಸುಮ್ಮನಿರಲಿಲ್ಲ. ನಿಮ್ಮ ಮಾತನ್ನು ನಾನು ಒಪ್ಪೋದಿಲ್ಲ ಅಂತ ಅಲ್ಲೇ, ಸಭೆಯ ಮುಂದೆಯೇ ಹೇಳಿದರು. ಚಪ್ಪಾಳೆ ಬಿತ್ತು. ತಮ್ಮದೇ ಕಥೆಯನ್ನೂ ಹೇಳಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಲು ಒಪ್ಪಿಕೊಂಡಾಗ ಸಂಬಳ ಎಷ್ಟು ಅಂತಲೇ ಕೇಳಿರಲಿಲ್ಲವಂತೆ. ಅದರಿಂದ ವರ್ಷಕ್ಕೆ ಸುಮಾರು 50,000 ಡಾಲರ್ ಕೈತಪ್ಪಿತು ಅಂತ ಅವರ ಲೆಕ್ಕ. ಅಷ್ಟು ಓದಿದವರು, ಅಷ್ಟು ದೊಡ್ಡ ಹುದ್ದೆಗೆ ಹೋಗುವವರು ಕೂಡ ಕೇಳಲಿಲ್ಲ ನೋಡಿ. ಆ ಕೆಲಸಕ್ಕೆ ಬೇರೆ ಕಡೆ ಎಷ್ಟು ಕೊಡುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ನಂಬಿಕೆಯವರ ಮುಂದೆ ಕೂತು ಕೇಳುವುದನ್ನು ಅಭ್ಯಾಸ ಮಾಡಿ ಅಂತ ಅವರು ಕೊಟ್ಟ ಸಲಹೆ ನನಗೆ ಬಹಳ ಹಿಡಿಸಿತು.

ನಾದೆಲ್ಲ ಅವರು ಅವತ್ತೇ ಕಂಪನಿಯ ಎಲ್ಲರಿಗೂ ಪತ್ರ ಬರೆದರು. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಪೂರ್ತಿ ತಪ್ಪು, ಮರಿಯಾ ಹೇಳಿದ್ದೇ ಸರಿ, ಜಾಸ್ತಿ ಸಂಬಳಕ್ಕೆ ಅರ್ಹರು ಅನ್ನಿಸಿದರೆ ಕೇಳಿಬಿಡಿ ಅಂದರು. ನನ್ನ ಮಾತನ್ನು ತಿರುಚಿದರು ಅಂತ ಯಾರ ಮೇಲೂ ಗೂಬೆ ಕೂರಿಸಲಿಲ್ಲ. ಹೆಂಗಸರು ಮೆಚ್ಚಿದ ಮುಖ್ಯಸ್ಥರ ಪಟ್ಟಿಯಲ್ಲಿ ಮುಂದೆ ಅವರ ಹೆಸರೂ ಬಂತು. ಆ ಒಂದು ಪತ್ರದಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಆದರೆ ತಪ್ಪು ಒಪ್ಪಿಕೊಳ್ಳುವ ಮೇಲಧಿಕಾರಿಯನ್ನು ನಾನು 22 ವರ್ಷದಲ್ಲಿ ಕಂಡದ್ದು ಅಪರೂಪ. ಅಂಥವರು ಸಿಕ್ಕರೆ ಹೆಂಗಸರು ಮರೆಯುವುದಿಲ್ಲ.

ಅಮೆರಿಕದ ಸೇಲ್ಸ್‌ಫೋರ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿಯನ್ನು ಮುನ್ನಡೆಸಿದ ಮಾರ್ಕ್ ಬೆನಿಯಾಫ್ ಅವರದ್ದು ಇನ್ನೊಂದು ಕಥೆ. ಇದು ಸಂಬಳದ ಪಟ್ಟಿಯದ್ದೇ, ಅದಕ್ಕೇ ನನಗೆ ಹತ್ತಿರ. 2015ರಲ್ಲಿ ಇಬ್ಬರು ಹೆಂಗಸರು ಅವರ ಹತ್ತಿರ ಹೋದರು. ಒಬ್ಬರು ನೌಕರರ ವಿಭಾಗ ನೋಡಿಕೊಳ್ಳುತ್ತಿದ್ದ ಸಿಂಡಿ ರಾಬಿನ್ಸ್, ಇನ್ನೊಬ್ಬರು ಹಿರಿಯ ಅಧಿಕಾರಿ ಲೈಲಾ ಸೆಕಾ. ನಮ್ಮಲ್ಲಿ ಹೆಂಗಸರಿಗೆ ಸಂಬಳ ಕಡಿಮೆ ಇದೆ ಅನ್ನಿಸುತ್ತಿದೆ, ಲೆಕ್ಕ ತೆಗೆಸೋಣ ಅಂದರು. ಬೆನಿಯಾಫ್ ನಂಬಲಿಲ್ಲ. ನಮ್ಮ ಕಂಪನಿಯಲ್ಲಿ ಹಾಗಿರೋಕೆ ಸಾಧ್ಯವೇ ಇಲ್ಲ ಅಂದರು. ಕೆಲಸ ಮಾಡಲು ಒಳ್ಳೆಯ ಜಾಗ ಅಂತ ಪ್ರಶಸ್ತಿ ಮೇಲೆ ಪ್ರಶಸ್ತಿ ಪಡೆದ ಕಂಪನಿ ಅದು. ಆದರೂ ಲೆಕ್ಕ ತೆಗೆಸಲು ಒಪ್ಪಿದರು. ಸಿಂಡಿ ಅವರದ್ದು ಒಂದೇ ಷರತ್ತು. ತೆರೆದು ನೋಡಿದ ಮೇಲೆ ತಪ್ಪು ಸಿಕ್ಕರೆ ಮತ್ತೆ ಮುಚ್ಚಿಡುವ ಹಾಗಿಲ್ಲ.

17,000ಕ್ಕೂ ಹೆಚ್ಚು ನೌಕರರ ಸಂಬಳ ನೋಡಿದರು. ನೂರಕ್ಕೆ 6 ಜನರದ್ದನ್ನು ಸರಿ ಮಾಡಬೇಕಾಯಿತು. ಅವರಲ್ಲಿ ಗಂಡಸರೂ ಇದ್ದರು. ಅದಕ್ಕೆ ಸುಮಾರು 30 ಲಕ್ಷ ಡಾಲರ್ ಖರ್ಚಾಯಿತು. ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವರ್ಷ ನೋಡಿದರೆ ಮತ್ತೆ ವ್ಯತ್ಯಾಸ! ನಡುವೆ ಬೇರೆ ಬೇರೆ ಕಂಪನಿಗಳನ್ನು ಕೊಂಡಿದ್ದರು. ಆ ಕಂಪನಿಗಳ ಸಂಬಳದ ಜೊತೆಗೆ ಅಲ್ಲಿನ ತಾರತಮ್ಯವೂ ಒಳಗೆ ಬಂದಿತ್ತು. ಮತ್ತೆ ಸುಮಾರು ಅಷ್ಟೇ ಹಣ ಬೇಕಾಯಿತು. 2018ರ ಹೊತ್ತಿಗೆ ಒಟ್ಟು 87 ಲಕ್ಷ ಡಾಲರ್. ಗದ್ದೆಯಲ್ಲಿ ಕಳೆ ಕಿತ್ತ ಹಾಗೆ ಇದು. ಒಂದು ಸಲ ಕಿತ್ತು ಮನೆಗೆ ಹೋಗಿ ಮಲಗಿದರೆ ಆಗುವುದಿಲ್ಲ.

ಈ ಕಥೆಯಲ್ಲಿ ನನಗೆ ಬೆನಿಯಾಫ್ ಅವರಿಗಿಂತ ಆ ಇಬ್ಬರು ಹೆಂಗಸರ ಮೇಲೆ ಗೌರವ ಜಾಸ್ತಿ. ಯಾಕೆಂದರೆ ನನ್ನ ಕೈಯಲ್ಲೂ ಅಂಥದ್ದೇ ಪಟ್ಟಿ ಇತ್ತು. ನಾನು ಯಾರ ಬಾಗಿಲನ್ನೂ ತಟ್ಟಲಿಲ್ಲ.

ನಮ್ಮ ಸುಧಾ ಮೂರ್ತಿ ಅವರು ತಟ್ಟಿದ್ದರು. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಟಾಟಾದವರ ಲಾರಿ ತಯಾರಿಸುವ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತ ಅದರಲ್ಲಿ ಬರೆದಿತ್ತು. ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡು ನೇರ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಕಾರ್ಡು ಕಸದಬುಟ್ಟಿಗೆ ಹೋಗಿದ್ದರೂ ಆಗ ಕೇಳುವವರು ಇರಲಿಲ್ಲ. ಸಮಾನ ಕೆಲಸಕ್ಕೆ ಸಮಾನ ಸಂಬಳದ ಕಾನೂನು ನಮ್ಮ ದೇಶದಲ್ಲಿ ಬಂದದ್ದು ಅದಾದ ಮೇಲೆ, 1976ರಲ್ಲಿ.

ಇನ್ನು ನಮ್ಮ ಕಾರ್ಖಾನೆಗೆ ಬರುತ್ತೇನೆ. ನಾನು ನಿವೃತ್ತಿಯಾಗಲು ನಾಲ್ಕು ವರ್ಷ ಇರುವಾಗ ಹೊಸ ಮ್ಯಾನೇಜರ್ ಬಂದರು. ಮಾತು ಕಡಿಮೆ. ಮಹಿಳಾ ದಿನಕ್ಕೆ ಗುಲಾಬಿ ಹಂಚುವ ಪದ್ಧತಿ ಇತ್ತು, ಅದು ಅವರಿಗೆ ನೆನಪೂ ಇರಲಿಲ್ಲ. ಒಂದು ದಿನ ನನ್ನನ್ನು ಕರೆದು, "ಅಮ್ಮಾ, ಒಂದು ಶೀಟ್ ಮಾಡಿಕೊಡಿ. ಹೆಸರು ಬೇಡ. ಯಾವ ಕೆಲಸ, ಎಷ್ಟು ವರ್ಷ ಸರ್ವಿಸ್, ಬೇಸಿಕ್ ಎಷ್ಟು, ಗಂಡೋ ಹೆಣ್ಣೋ, ಅಷ್ಟು ಸಾಕು" ಅಂದರು.

ಅರ್ಧ ಗಂಟೆಯ ಕೆಲಸ. ಪ್ರಿಂಟ್ ತೆಗೆಯುವಾಗ ನನ್ನ ಕೈ ತಣ್ಣಗಾಗಿತ್ತು. ಅವರು ಕೆಂಪು ಪೆನ್ ಹಿಡಿದು ಊಟದ ಬೆಲ್ ಆಗುವವರೆಗೂ ಅದನ್ನೇ ನೋಡುತ್ತಾ ಕೂತಿದ್ದರು. "ಇದು ಎಷ್ಟು ದಿನದಿಂದ ಹೀಗಿದೆ?" ಅಂತ ಕೇಳಿದರು. "ನಾನು ಸೇರಿದಾಗಿನಿಂದ ಸಾರ್" ಅಂದೆ. ಬೇರೇನೂ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಹನ್ನೊಂದು ಹೆಣ್ಣುಮಕ್ಕಳ ಬೇಸಿಕ್ ಬದಲಾಯಿತು. ಮಾಲೀಕರ ಹತ್ತಿರ ಅವರು ಏನು ಮಾತಾಡಿದರೋ, ಹೇಗೆ ಒಪ್ಪಿಸಿದರೋ, ಯಾರಿಗೂ ಹೇಳಲಿಲ್ಲ. ಭಾಷಣ ಇಲ್ಲ, ನೋಟಿಸ್ ಬೋರ್ಡಿನಲ್ಲಿ ಚೀಟಿ ಇಲ್ಲ. ಆವತ್ತು ಯಾರಾದರೂ ಆ ಹನ್ನೊಂದು ಜನರ ಮುಂದೆ ಅಂಕದ ಹಾಳೆ ಇಟ್ಟಿದ್ದರೆ ಎಷ್ಟು ಕೊಡುತ್ತಿದ್ದರು ಅಂತ ನನಗೆ ಗೊತ್ತು.

ಸಂಬಳ ಆದ ಮರುದಿನ, ಕಾಯಿಲ್ ವಿಭಾಗದಲ್ಲಿ 14 ವರ್ಷ ದುಡಿದಿದ್ದ ಒಬ್ಬಾಕೆ ಪೇ ಸ್ಲಿಪ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಳು. ಬೆರಳ ತುದಿಗಳಲ್ಲಿ ತಂತಿ ಕೊರೆದ ಗೆರೆಗಳು. ಮೆಲ್ಲಗೆ ಹೇಳಿದಳು:

"ಮೇಡಂ, ಏನೋ ತಪ್ಪಾಗಿದೆ. ಜಾಸ್ತಿ ಬಂದುಬಿಟ್ಟಿದೆ. ಆಮೇಲೆ ನನ್ನ ಸಂಬಳದಲ್ಲಿ ಹಿಡಿಯಬೇಡಿ, ಈಗಲೇ ನೋಡಿ."

ತಪ್ಪಲ್ಲಮ್ಮ, ಇದು ನಿನ್ನದೇ, ಇನ್ನು ಮೇಲೆ ಇಷ್ಟೇ ಬರುತ್ತದೆ ಅಂತ ಹೇಳಿದೆ. ಪಕ್ಕದ ಮೆಷಿನ್‌ನವನಿಗೆ ಮೊದಲಿನಿಂದಲೂ ಇಷ್ಟೇ ಇತ್ತು ಅಂತಲೂ ಹೇಳಿದೆ.

ಅವಳು ಸ್ಲಿಪ್ಪನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟಳು. ಹೊರಟವಳು ತಿರುಗಿ ನಿಂತು ಕೇಳಿದಳು: "ಹಾಗಾದ್ರೆ ಇಷ್ಟು ವರ್ಷದ್ದು, ಮೇಡಂ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮಸ್ಕಾರ.