ಬೆಟ್ಟ ಮಲಗಿದ ದಿಕ್ಕು

ಕೇಳುಗರೇ, ನಮಸ್ಕಾರ.

ನಮ್ಮ ಚಳ್ಳಕೆರೆ ಕಡೆ ಮಳೆ ಯಾಕಿಲ್ಲ ಎಂದು ಕೇಳಿದರೆ, ಗುಡ್ಡದ ಮೇಲೆ ಮರವಿಲ್ಲ, ಮೋಡ ನಿಲ್ಲುವುದಿಲ್ಲ ಎನ್ನುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಬೆಟ್ಟ ಗಾಳಿಗೆ ಎದೆಯೊಡ್ಡಿದೆಯೋ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿದೆಯೋ ಎಂಬುದನ್ನೂ ನೋಡಬೇಕು. ಇದು ನನಗೆ ಸರಿಯಾಗಿ ತಿಳಿದದ್ದು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಿಂದಲ್ಲ, ಥಾರ್ ಮರುಭೂಮಿಯ ಅಂಚಿನ ಅರಾವಳಿ ಬೆಟ್ಟಸಾಲಿನಿಂದ.

ಗುಜರಾತಿನ ಪಾಲನ್‌ಪುರದ ಬಳಿ ತಲೆಯೆತ್ತುವ ಅರಾವಳಿ, ರಾಜಸ್ಥಾನವನ್ನು ಓರೆಯಾಗಿ ಸೀಳಿಕೊಂಡು ದಿಲ್ಲಿಯವರೆಗೆ ಸುಮಾರು 700 ಕಿಲೋಮೀಟರ್ ಸಾಗುತ್ತದೆ. ಹಿಮಾಲಯ ಹುಟ್ಟುವ ಹೊತ್ತಿಗೇ ಇದಕ್ಕೆ ಮುಪ್ಪು ಬಂದಿತ್ತು. ಸವೆದು ಸವೆದು ಈಗ ಉಳಿದಿರುವುದು ಬುಡ ಮಾತ್ರ. ಅಬು ಪರ್ವತದ ಗುರುಶಿಖರ, ಅಂದರೆ ಇದರ ನೆತ್ತಿ, 1722 ಮೀಟರ್. ದಿಲ್ಲಿ ಸೇರುವಾಗ ಬರೀ ದಿಬ್ಬ. ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡವೂ ಇದರ ಬಾಲವೇ.

ಮುಂಗಾರಿನ ಅರಬ್ಬಿ ಸಮುದ್ರದ ಕವಲು ಬರುವುದು ನೈಋತ್ಯದಿಂದ. ಅರಾವಳಿ ಮಲಗಿರುವುದೂ ನೈಋತ್ಯದಿಂದ ಈಶಾನ್ಯಕ್ಕೆ. ಮೋಡಗಳು ಬೆಟ್ಟದ ಮಗ್ಗುಲಲ್ಲೇ ಸಾಗಿಬಿಡುತ್ತವೆ, ಹತ್ತಿ ತಣಿದು ಮಳೆಯಾಗುವ ಪ್ರಸಂಗವೇ ಬರುವುದಿಲ್ಲ. ಒಂಟಿಯಾಗಿ ಎತ್ತರಕ್ಕೆ ಎದ್ದಿರುವ ಅಬು ಪರ್ವತಕ್ಕೆ ಒಳ್ಳೆಯ ಮಳೆ. ಪಡುವಣದ ಜೈಸಲ್ಮೇರಿಗೆ ವರ್ಷವಿಡೀ ಸೇರಿ 200 ಮಿಲಿಮೀಟರ್ ಕೂಡ ಇಲ್ಲ. ಎಲ್ಲ ತಪ್ಪನ್ನೂ ಬೆಟ್ಟದ ತಲೆಗೆ ಕಟ್ಟುವುದು ನ್ಯಾಯವಲ್ಲ ಅನ್ನಿ. ಮೇಲಿನಿಂದ ಇಳಿಯುವ ಒಣಗಾಳಿಯೂ ಅಲ್ಲಿ ಮೋಡ ಬೆಳೆಯಗೊಡುವುದಿಲ್ಲ.

ನಮ್ಮ ಕಥೆ ಇದಕ್ಕೆ ತಿರುಗುಮುರುಗು. ಸಹ್ಯಾದ್ರಿ ಗಾಳಿಗೆ ಅಡ್ಡಲಾಗಿ ಗೋಡೆಯಂತೆ ನಿಂತು ಇದ್ದ ನೀರನ್ನೆಲ್ಲ ಹಿಂಡಿಕೊಳ್ಳುತ್ತದೆ. ಆಗುಂಬೆಯಲ್ಲಿ 7000 ಮಿಲಿಮೀಟರ್ ದಾಟುವ ಮಳೆ, ಚಳ್ಳಕೆರೆಯಲ್ಲಿ 500 ಮುಟ್ಟಿದರೆ ಹಬ್ಬ! ಅಲ್ಲಿ ಬೆಟ್ಟ ತಡೆಯದೆ ಬರ, ಇಲ್ಲಿ ಬೆಟ್ಟ ತಡೆದು ಬರ.

ಅರಾವಳಿ ನೀರನ್ನೂ ಪಾಲು ಮಾಡುತ್ತದೆ. ಮೂಡಣಕ್ಕೆ ಇಳಿದ ಬನಾಸ್ ನದಿ ಚಂಬಲ್, ಯಮುನೆಯರ ಕೈ ಹಿಡಿದು ಬಂಗಾಳ ಕೊಲ್ಲಿಯವರೆಗೂ ಹೋಗುತ್ತದೆ. ಅಜ್ಮೀರದ ಬಳಿ ಹುಟ್ಟುವ ಲೂನಿ ಪಡುವಣಕ್ಕೆ ಹೊರಳಿ, ಬಾಲೋತ್ರಾ ದಾಟಿದ ಮೇಲೆ ಉಪ್ಪಾಗಿ, ಕಡಲನ್ನೂ ಕಾಣದೆ ಕಛ್‌ನ ರಣ್ ಎಂಬ ಉಪ್ಪು ಬಯಲಿನಲ್ಲಿ ಇಂಗಿಹೋಗುತ್ತದೆ. ಲೂನಿ ಎಂಬ ಹೆಸರಿನೊಳಗೆ ಇರುವುದೂ ಲವಣವೇ. ಬೇಸಿಗೆಯ ವೇದಾವತಿಯ ಮರಳಿನಲ್ಲಿ ನಡೆದವರಿಗೆ ಅಂಥ ನದಿಯ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಬೆಟ್ಟವಾದ್ದರಿಂದ ಅರಾವಳಿಯಲ್ಲಿ ಕಿಂಡಿಗಳು ಬಹಳ. ಅವುಗಳಲ್ಲಿ ನುಸುಳಿ ಥಾರಿನ ಮರಳು ಮೂಡಣದ ಹೊಲಗಳಿಗೆ ಹಾರುತ್ತದೆ. ಗುಡ್ಡ ಕಡಿದು ಕಲ್ಲು ಮಾರುವವರು ಇನ್ನಷ್ಟು ಕಿಂಡಿ ತೆರೆಯುತ್ತಿದ್ದಾರೆ. ಹಿಂದಿನವರು ಮುಚ್ಚುವ ಕೆಲಸವನ್ನೂ ಮಾಡಿದ್ದರು: ಮೇವಾಡದ ರಾಣಾ ಜೈಸಿಂಗ್ ಗೋಮತಿ ಎಂಬ ನದಿಗೆ ಗುಡ್ಡಗಳ ನಡುವೆ ಕಟ್ಟೆ ಹಾಕಿಸಿದ. ಅದು ಹದಿನೇಳನೆಯ ಶತಮಾನದ ಜೈಸಮಂದ್ ಕೆರೆ.

ನಮ್ಮ ಮಾರಿಕಣಿವೆಯೂ ಅಂಥದೇ ಒಂದು ಕಿಂಡಿ. ವೇದಾವತಿ ಗುಡ್ಡ ಸೀಳಿಕೊಂಡು ಹೊರಬೀಳುವ ಆ ಇಕ್ಕಟ್ಟಿಗೆ ಮೈಸೂರು ಅರಸರ ಕಾಲದಲ್ಲಿ ಕಲ್ಲು ಕಟ್ಟಿದರು. ವಾಣಿ ವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ದಿನಗಳಲ್ಲಿ ಹಿರಿಯೂರಿನ ರಸ್ತೆ ತುಂಬ ಜಾತ್ರೆಯ ಜನ. ಕೋಡಿಯ ಬಳಿ ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು, ಹರಿವ ನೀರಿಗೆ ಕೈ ಮುಗಿದು, ಸೆರಗಿನಲ್ಲಿ ಕಟ್ಟಿ ತಂದಿದ್ದ ಅರಿಶಿನ ಕುಂಕುಮವನ್ನು ಬಿಟ್ಟರು.